ಹಿಂಬಾಗಿಲಲ್ಲಿ ಏರಿದ ನನ್ನ ಬೆಲೆ

“ಇವನನ್ನ ಯಾರಾದ್ರೂ ಕರ್ಕೊಂಡು ಹೋಗ್ತೀವಿ ಅಂದ್ರೆ ಬದಲಿಗೆ ನಂಗೇನೂ ಬೇಡ ಕಣ್ರೀ. ಬಸ್ಸಲ್ಲಿ ಒಂದು ಸೀಟು ಖಾಲಿಯಾಗುತ್ತಲ್ಲ, ಅದೇ ಲಾಭ.”

ನಮ್ಮ ಕೋಚ್ ಮರ್ವಿನ್ ಟ್ವೀಡ್ ಇದನ್ನು ಹೇಳಿದ್ದು ನನ್ನ ಕಿವಿಯಲ್ಲಲ್ಲ, ಮೈಕಿನಲ್ಲಿ. ಸ್ಟೋನಿ ಫೋರ್ಕ್ ಊರಿನ ಅರ್ಧ ಜನ ಐಸ್ ಹಾಕಿ ರಿಂಕಿನ ಸಭಾಂಗಣದಲ್ಲಿ ಕೂತು ಪ್ಯಾನ್‌ಕೇಕ್ ತಿನ್ನುತ್ತಿದ್ದ ಹೊತ್ತಿನಲ್ಲಿ. ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಕೊನೆಯ ದಿನವಾದ ಟ್ರೇಡ್ ಗಡುವಿನ ದಿನ ಬೆಳಿಗ್ಗೆ ನಮ್ಮ ಬ್ಯಾಜರ್ಸ್ ತಂಡದವರು ಊರಿಗೆ ತಿಂಡಿ ಹಾಕುವುದು ಹಳೆಯ ವಾಡಿಕೆ. ಆಟಗಾರರೇ ಬಡಿಸಬೇಕು. ನಾನು ಒಂದು ಕೈಯಲ್ಲಿ ಮೇಪಲ್ ಪಾಕದ ಜಗ್ಗು, ಇನ್ನೊಂದು ಕೈಯಲ್ಲಿ ಸಾಸೇಜಿನ ತಟ್ಟೆ ಹಿಡಿದು ಬಗ್ಗಿದ್ದೆ. ಯಾರೋ ರೈತ ಎದ್ದು, “ಕೋಚ್, ಇವತ್ತು ಮೂರು ಗಂಟೆಯೊಳಗೆ ಯಾರನ್ನಾದ್ರೂ ಬೇರೆ ತಂಡಕ್ಕೆ ಕೊಡ್ತೀರಾ?” ಎಂದು ಕೇಳಿದ. ಟ್ವೀಡ್ ಸಭೆಯ ಮೇಲೆಲ್ಲ ಕಣ್ಣಾಡಿಸಿದ. ಅವನ ಕಣ್ಣಿಗೆ ಮೊದಲು ಬಿದ್ದ ಆಟಗಾರ ನಾನೇ. ಸಿಕ್ಕಿಬಿದ್ದೆ.

ಜನ ನಕ್ಕರು. ನಗಲಿ, ದುಡ್ಡು ಕೊಟ್ಟು ಆಟ ನೋಡುವವರು. ಆದರೆ ನಾನು ಬಾಡಿಗೆಗಿರುವ ಮನೆಯ ಸಾವ್ಚುಕ್ ಅಜ್ಜಿ, ಮೂರು ಹೊತ್ತೂ ನನಗೆ ಅನ್ನ ಹಾಕುವವಳು, ಕಟ್ಟಿಸಿಕೊಂಡ ಹಲ್ಲು ಜಾರದಂತೆ ಕೈ ಅಡ್ಡ ಹಿಡಿದುಕೊಂಡು ನಕ್ಕಳು. ಅದು ನನಗೆ ನಾಟಿತು. ಆ ಉರಿಯಲ್ಲಿ ಕೇಳಬಾರದ ಹೊತ್ತಿನಲ್ಲಿ ಕೇಳಬಾರದ್ದನ್ನು ಕೇಳಿದೆ.

“ಕೋಚ್, ನನ್ನ ಕಾಂಟ್ರಾಕ್ಟು ಈ ಮಾರ್ಚಿಗೆ ಮುಗಿಯುತ್ತೆ. ಅದನ್ನ ಮುಂದುವರಿಸೋದು...”

“ಕೇಳಿದ್ರಾ, ಇವನಿಗೆ ಕಾಂಟ್ರಾಕ್ಟ್ ಬೇರೆ ಬೇಕಂತೆ,” ಎಂದು ಟ್ವೀಡ್ ಮೈಕಿಗೇ ಹೇಳಿದ. “ಬರೋ ಜೂನ್ ಡ್ರಾಫ್ಟಲ್ಲಿ ಎಳೆ ಹುಡುಗರು ಸಾಲಾಗಿ ನಿಂತಿದ್ದಾರೆ ಕಣೋ, ಯಾರನ್ನ ಬೇಕೋ ಆರಿಸ್ಕೋಬಹುದು. ಒಬ್ಬ ಫಿನ್‌ಲ್ಯಾಂಡಿನೋನು ಇದ್ದಾನೆ, ನೀನು ಒಂದು ಸಲ ತಿರುಗೋದ್ರೊಳಗೆ ನಿನ್ನ ಸುತ್ತ ಮೂರು ಪ್ರದಕ್ಷಿಣೆ ಹಾಕ್ತಾನೆ. ಪಾಕ ಹಾಕು, ಅಲ್ಲಿ ಕೇಳ್ತಿದ್ದಾರೆ.”

ನಾನು ಪಾಕ ಹಾಕಿದೆ.

ನನ್ನ ಪರಿಸ್ಥಿತಿ ಸರಳವಾಗಿತ್ತು. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟು ಸ್ಕೇಟು ಕಟ್ಟಿದವನು ನಾನು. ಕಾಂಟ್ರಾಕ್ಟು ಸಿಗದಿದ್ದರೆ ಸೋದರಮಾವ ಸ್ಟಾನ್‌ನ ಲಾರಿ ಕಾದಿತ್ತು. ಹೊಲಮನೆಗಳ ಕಕ್ಕಸುಗುಂಡಿ ಹೀರುವ ಲಾರಿ. “ಡ್ರೈವರ್ ಜಾಗ ನಿಂಗೇ ಇಟ್ಟಿದೀನಿ,” ಎಂದು ಕ್ರಿಸ್‌ಮಸ್ ಊಟದ ನಡುವೆ, ಎಲ್ಲರೂ ಮಾಂಸದ ಸಾರು ಬಡಿಸಿಕೊಳ್ಳುತ್ತಿದ್ದಾಗಲೇ, ಹೇಳಿದ್ದ. ಕಾಂಟ್ರಾಕ್ಟು, ಇಲ್ಲವೇ ಗುಂಡಿ. ಮೂರನೆಯದು ನನಗೆ ಗೊತ್ತಿರಲಿಲ್ಲ.

ತಿಂಡಿಯಾದ ಮೇಲೆ ಅಭ್ಯಾಸ. ಆ ಸಿಟ್ಟನ್ನೆಲ್ಲ ಕಾಲಿಗೆ ಇಳಿಸಿ ಐಸಿನ ಮೇಲೆ ಹೀಗೆ ಒಮ್ಮೆ ಗಕ್ಕನೆ ನಿಂತೆ ನೋಡಿ, ಬಲಗಾಲಿನ ಸ್ಕೇಟಿನ ರಿವೆಟ್ಟು ಹಾರಿ ಬ್ಲೇಡು ಅಲ್ಲಾಡತೊಡಗಿತು. ಸಂಜೆಗೆ ಪಂದ್ಯ. ಇದನ್ನು ರಿಪೇರಿ ಮಾಡುವವನು ಊರಿಗೊಬ್ಬನೇ, ಮುಖ್ಯರಸ್ತೆಯ ಆ ತುದಿಯ ನೆವಿಲ್. ಸ್ಕೇಟೊಂದನ್ನೇ ಒಯ್ದಿದ್ದರೆ ಸಾಕಿತ್ತು. ಆದರೆ ನಮ್ಮ ಹುಡುಗರಿಗೆ ಒಂದು ಚಟವಿದೆ. ಕೋಚ್ ಯಾರನ್ನು ಆಡಿಕೊಂಡನೋ ಅವನ ಸ್ಟಿಕ್ಕುಗಳನ್ನು ಗರಗಸದಲ್ಲಿ ನಡುವಿಗೆ ಅರ್ಧ ಕೊಯ್ದು, ಏನೂ ಆಗಿಲ್ಲದಂತೆ ಗೋಡೆಗೆ ಆನಿಸಿಡುತ್ತಾರೆ. ಶೂಗಳಿಗೆ ಶೇವಿಂಗ್ ಕ್ರೀಮು ತುಂಬುತ್ತಾರೆ. ಹಾಗಾಗಿ ಚೀಲ, ಸ್ಟಿಕ್ಕು, ಸಾಮಾನು ಸಮೇತ ಎಲ್ಲವನ್ನೂ ಹೆಗಲಿಗೇರಿಸಿದೆ. ಫೋನು ಮಾತ್ರ ಕಪಾಟಿನ ಮೇಲೇ ಉಳಿಯಿತು. ಮುಂಬಾಗಿಲಲ್ಲಿ ಪ್ಯಾನ್‌ಕೇಕ್ ತಿಂದವರು ಇನ್ನೂ ನಿಂತು ಹರಟುತ್ತಿದ್ದರು. ಅವರ ಮುಖ ನೋಡುವ ಮನಸ್ಸಿಲ್ಲದೆ ಹಿಂಬಾಗಿಲಿಂದ ಹೊರಬಿದ್ದೆ.

ತಲೆ ನೆಟ್ಟಗಿದ್ದವರು ಯಾರೂ ಆ ದಿನ ಆ ಕೆಲಸ ಮಾಡುವುದಿಲ್ಲ. ಗಡುವಿನ ದಿನ ಅಭ್ಯಾಸದ ನಡುವೆ ಆಟಗಾರನೊಬ್ಬ ಗಂಟುಮೂಟೆ ಹೊತ್ತು ಹಿಂಬಾಗಿಲಿಂದ ಹೊರಟನೆಂದರೆ ಅವನನ್ನು ಬೇರೆ ತಂಡಕ್ಕೆ ಕೊಟ್ಟಾಯಿತು ಎಂದೇ ಅರ್ಥ. ಹೊಟ್ಟೆಯಲ್ಲಿರುವ ಕೂಸಿಗೂ ಇದು ಗೊತ್ತು. ಇನ್ನೊಂದು ಕಟ್ಟಳೆಯೂ ಇದೆ. ಎರಡೂ ತಂಡದವರು ಬಾಯಿಬಿಟ್ಟು ಹೇಳುವ ತನಕ ಅವನನ್ನು ಏನೂ ಕೇಳಬಾರದು. ಅವನಾಗಿ ಹೇಳಹೊರಟರೂ ಬಿಡಬಾರದು. ಕೈ ಕುಲುಕಿ, ಒಳ್ಳೆಯದಾಗಲಿ ಎಂದು, ಮುಖ ತಿರುಗಿಸಿಕೊಂಡು ಹೋಗಬೇಕು. ನಾನೇ ಹಿಂದೆ ಎಷ್ಟೋ ಜನರ ಕೈ ಹೀಗೆ ಕುಲುಕಿದ್ದೇನೆ. ಆದರೆ ಆ ಹೊತ್ತಿಗೆ ನನ್ನ ತಲೆಯೊಳಗೆ ಬಸ್ಸಿನ ಸೀಟು ಬಿಟ್ಟರೆ ಬೇರೇನೂ ಇರಲಿಲ್ಲ.

ಮೊದಲು ಎದುರಾದವನು ಪೆಟ್ರೋಲ್ ಬಂಕಿನ ಕ್ಲಿಫ್ ಡ್ಯುಬಕ್. ಪ್ರತಿ ಶನಿವಾರ ಗೋಲಿನ ಹಿಂದೆ ಕೂತು ನನ್ನ ಹೆಸರು ಹಿಡಿದು ಬೈಯುವ ಗಂಟಲು ಇವನದೇ. ನನ್ನನ್ನು, ಚೀಲವನ್ನು, ಸ್ಟಿಕ್ಕುಗಳನ್ನು ನೋಡಿದವನೇ ಯಾರದೋ ಟ್ರಕ್ಕಿಗೆ ಹಾಕುತ್ತಿದ್ದ ಪೆಟ್ರೋಲು ಅಲ್ಲೇ ಬಿಟ್ಟು ಬಂದು ನನ್ನ ಕೈ ಹಿಡಿದ.

“ಮಗಾ, ನಾನು ಬೈದಿದ್ದೆಲ್ಲ ಮನಸಿಗೆ ಹಚ್ಕೋಬೇಡ. ಅದು ಪ್ರೀತಿ.”

ಬೆಳಗಿನ ಅವಮಾನಕ್ಕೆ ಸಮಾಧಾನ ಹೇಳುತ್ತಿದ್ದಾನೆ ಎಂದುಕೊಂಡೆ. “ಬಿಡು ಕ್ಲಿಫ್ ಅಣ್ಣ. ನಂಗೆ ಈ ಊರೇ ಸಾಕಾಗಿಹೋಗಿದೆ,” ಎಂದೆ.

ಅವನ ಕಣ್ಣಲ್ಲಿ ನೀರು ಬಂತು. “ಗೊತ್ತು. ಹೇಳ್ಬೇಡ. ನೀನು ಹೇಳೋ ಹಾಗಿಲ್ಲ.”

“ಏನು ಹೇಳೋ ಹಾಗಿಲ್ಲ?”

“ನೋಡು, ಎಷ್ಟು ಚೆನ್ನಾಗಿ ಗುಟ್ಟು ಕಾಪಾಡ್ತೀಯ,” ಎಂದು ಬೆನ್ನು ತಟ್ಟಿದ. “ಹೋಗು. ನೀನು ತಿರುಗಿ ನೋಡ್ಬೇಡ, ನನ್ನ ಕೈಲಿ ತಡ್ಕೊಳಕ್ಕಾಗಲ್ಲ.”

ಆ ಟ್ರಕ್ಕಿನವನು ಪೆಟ್ರೋಲು ಚೆಲ್ಲುತ್ತಿದೆ ಎಂದು ಕೂಗುತ್ತಿದ್ದ. ಕ್ಲಿಫ್‌ಗೆ ಕೇಳಿಸಲಿಲ್ಲ.

ಹೋಟೆಲಿನ ಲೋರ್ನಾ ಏಪ್ರನ್ನಿನಲ್ಲೇ ಆ ಕೊರೆವ ಚಳಿಗೆ ಓಡಿಬಂದು ಬೆಣ್ಣೆ ಟಾರ್ಟುಗಳ ಪೆಟ್ಟಿಗೆಯೊಂದನ್ನು ನನ್ನ ಕಂಕುಳಿಗೆ ತುರುಕಿದಳು. “ದಾರೀಲಿ ತಿನ್ನು,” ಎಂದಳು. ನೆವಿಲ್‌ನ ಅಂಗಡಿ ಮುಂದಿನ ತಿರುವಿನಲ್ಲಿದೆ. ಅಷ್ಟು ದಾರಿಗೆ ಅಷ್ಟು ಟಾರ್ಟು ಯಾರು ತಿನ್ನುತ್ತಾರೆ ಎಂದು ಯೋಚಿಸುತ್ತಿರುವಾಗಲೇ ಪೊಲೀಸ್ ಗಾಡಿ ಬಂದು ಪಕ್ಕ ನಿಂತಿತು. ಕಾನ್‌ಸ್ಟೇಬಲ್ ಇಂಗ್ರಿಡ್ ಮೋ ಗಾಜಿಳಿಸಿದಳು.

“ಬೆಳಕಿದ್ದಾಗ್ಲೇ ಹೊರಟ್ಬಿಡಪ್ಪ. ಉತ್ತರದ ಹೈವೇಲಿ ಹಿಮ ಜಾಸ್ತಿ ಆಗ್ತಿದೆ.”

“ನಾನ್ಯಾಕೆ ಮೇಡಂ ಹೈವೇಗೆ ಹೋಗ್ಲಿ? ನಾನು ಸ್ಕೇಟ್ ರಿಪೇರಿಗೆ ಹೋಗ್ತಿದೀನಿ.”

ಅವಳು ನನ್ನನ್ನು ನೋಡಿ ಅರ್ಥವಾಯಿತೆಂಬಂತೆ ನಿಧಾನವಾಗಿ ತಲೆಯಾಡಿಸಿದಳು. ಗಾಜೇರಿಸಿದಳು. ಆದರೂ ಒಳಗಿನ ವೈರ್‌ಲೆಸ್ಸಿಗೆ ಹೇಳಿದ್ದು ನನಗೆ ಕೇಳಿಸಿತು. “ಉತ್ತರ ಅಲ್ಲ. ದಕ್ಷಿಣ.”

ನೆವಿಲ್ ಬಾಯಿಬಡುಕನಲ್ಲ. ಸ್ಕೇಟನ್ನು ಶವದಂತೆ ಎರಡೂ ಕೈಯಲ್ಲಿ ತೆಗೆದುಕೊಂಡ. ಹಳೆಯ ರಿವೆಟ್ಟು ಕಿತ್ತು ಹೊಸದು ಹೊಡೆಯತೊಡಗಿದ. ಮೂಲೆಯಲ್ಲಿ ರೇಡಿಯೋ ಇತ್ತು. ಊರಿನ ಆಟದ ವರದಿಗಾರ ಲೈಲ್ ಫೆನ್ಸ್‌ಕಿ ಮೂಗಿನಲ್ಲಿ ಮಾತಾಡುತ್ತಿದ್ದ. “ಬ್ಯಾಜರ್ಸ್ ತಂಡದ ಒಬ್ಬ ಪ್ರಮುಖ ಆಟಗಾರ ಊರು ಬಿಟ್ಟಿದ್ದಾರೆ. ಹೆಸರು ಹೇಳುವಂತಿಲ್ಲ. ಅವರು ದಕ್ಷಿಣದ ಕಡೆಗೆ ಹೊರಟಿದ್ದಾರೆಂದು ಪೊಲೀಸ್ ಮೂಲಗಳು ತಿಳಿಸಿವೆ.”

ನಾನು ರೇಡಿಯೋ ಕಡೆ ತಿರುಗಿದೆ. “ಪ್ರಮುಖ ಆಟಗಾರ ಅಂದ್ರೆ ಕಾಲ್‌ಸ್ಟ್ರಾಮ್ ಇರ್ಬೇಕು. ಅವನನ್ನ ಕೊಟ್ರೆ ನಮ್ಮ ತಂಡದ ಗತಿಯೇನು ನೆವಿಲ್? ಈ ಟ್ವೀಡ್‌ಗೆ ತಲೆ ಕೆಟ್ಟಿದೆ.”

ನೆವಿಲ್ ಸುತ್ತಿಗೆ ಕೆಳಗಿಟ್ಟ. ಕನ್ನಡಕ ತೆಗೆದ.

“ಇಷ್ಟು ವಿನಯ ಈಗಿನ ಹುಡುಗರಲ್ಲಿ ನಾನು ಕಂಡಿಲ್ಲ,” ಎಂದ. “ಅಲ್ಲಿಯವರು ಬ್ಲೇಡ್ ಹೇಗೆ ಮಸೀತಾರೋ ಏನೋ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇಲ್ಲಿಗೇ ಕಳಿಸು.”

“ಎಲ್ಲಿಯವರು?”

“ನಾನು ಕೇಳಲಿಲ್ಲ,” ಎಂದು ನೆವಿಲ್ ಗಾಬರಿಯಿಂದ ಕೈ ಮುಂದೆ ಮಾಡಿದ. “ನಾನು ಕೇಳಲಿಲ್ಲ, ನೀನು ಹೇಳಲಿಲ್ಲ.”

ಈ ಊರಿಗೆ ಏನೋ ಬಡಿದಿದೆ ಎಂದುಕೊಂಡು, ಪಂದ್ಯಕ್ಕೆ ಮುಂಚೆ ಒಂದು ತುತ್ತು ತಿಂದು ಮಲಗೋಣವೆಂದು ಮನೆಗೆ ಬಂದೆ. ನನ್ನ ಕೋಣೆಯ ಬಾಗಿಲು ತೆರೆದಿತ್ತು. ಹಾಸಿಗೆಯ ಮೇಲೆ ಇಸ್ತ್ರಿ ಮಾಡಿದ ಹೊಸ ಹೊದಿಕೆ. ನನ್ನ ಬಟ್ಟೆ, ಬೂಟು, ಗೋಡೆಯ ಮೇಲಿದ್ದ ಫೋಟೋ ಎಲ್ಲ ಆಲೂಗಡ್ಡೆ ಚೀಲಗಳಲ್ಲಿ ತುಂಬಿಕೊಂಡು ಹಜಾರದಲ್ಲಿ ಕೂತಿದ್ದವು. ಸಾವ್ಚುಕ್ ಅಜ್ಜಿ ಅಡುಗೆಮನೆಯಲ್ಲಿ ಪಿರೋಹಿ ಕಡುಬು ಬೇಯಿಸುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಅಜ್ಜಿ, ನನ್ನನ್ನ ಮನೆಯಿಂದ ಹೊರಗೆ ಹಾಕ್ತಿದೀಯಾ?”

“ನಾನ್ಯಾಕೆ ಹಾಕ್ಲಿ ನನ್ನ ಬಂಗಾರ. ಅವರು ಕೊಟ್ರು, ನೀನು ಹೊರಟೆ. ನಿನ್ನ ಬದಲಿಗೆ ಬರೋನು ಇವತ್ತೇ ಬಂದ್ರೆ? ಹಾಸಿಗೆ ಕೊಳಕಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?” ಮೂಗೆಳೆದಳು. “ಅವನು ಎಲೆಕೋಸು ತಿಂತಾನಾ? ಅದೊಂದು ಹೇಳ್ಬಿಡು. ಅದು ಗುಟ್ಟಲ್ಲ.”

ಆಗ ನನಗೆ ಹೊಳೆಯಿತು. ಕ್ಲಿಫ್, ಟಾರ್ಟು, ದಕ್ಷಿಣ, ವಿನಯ, ಎಲ್ಲ ಒಟ್ಟಿಗೆ ತಲೆಯ ಮೇಲೆ ಬಿತ್ತು. ಹಜಾರದ ಆಲೂಗಡ್ಡೆ ಚೀಲದ ಮೇಲೆ ಕೂತೆ.

“ಅಜ್ಜಿ, ನನ್ನನ್ನ ಯಾರೂ ತಗೊಂಡಿಲ್ಲ. ಸ್ಕೇಟ್ ಮುರೀತು, ಅಷ್ಟೇ. ಬೆಳಿಗ್ಗೆ ಅವನು ಹೇಳಿದಾಗ ನೀನೇ ಹಲ್ಲು ಹಿಡ್ಕೊಂಡು ನಕ್ಕೆಯಲ್ಲ.”

“ಬೆಳಿಗ್ಗೆ ನೀನು ಯಾರಿಗೂ ಬೇಡದೋನಾಗಿದ್ದೆ, ಅದಕ್ಕೆ ನಕ್ಕೆ,” ಎಂದಳು ಅಜ್ಜಿ, ಇದರಲ್ಲೇನು ಅರ್ಥವಾಗದ್ದು ಎಂಬಂತೆ. “ಈಗ ಯಾರಿಗೋ ಬೇಕಾದೋನು. ಯಾರಿಗೋ ಬೇಕಾದೋರನ್ನ ಕಳಿಸ್ಕೊಡೋವಾಗ ಅಳು ಬರುತ್ತಪ್ಪ. ತಿನ್ನು.”

ಗೋಡೆಯ ಫೋನು ಬಡಿದುಕೊಂಡಿತು. ಸ್ಟಾನ್ ಮಾವ.

“ನಂಗೆ ಒಂದು ಮಾತು ಹೇಳ್ಬಾರ್ದಿತ್ತೇನೋ? ರೇಡಿಯೋದಲ್ಲಿ, ಊರೋರ ಬಾಯಲ್ಲಿ ಕೇಳ್ಬೇಕಾಯ್ತು.”

“ಮಾವ, ಅದೆಲ್ಲ ಸುಳ್ಳು. ನಾನು ಇಲ್ಲೇ ಇದ್ದೀನಿ. ನೀನು ಇಲ್ಲಿಗೇ ಫೋನ್ ಮಾಡಿದ್ದೀಯಲ್ಲ.”

“ಗೊತ್ತು, ಗೊತ್ತು, ಹೇಳೋ ಹಾಗಿಲ್ಲ. ನಮ್ಮ ವಂಶದಲ್ಲಿ ಒಬ್ಬನಾದ್ರೂ ಮೇಲೆ ಬಂದ್ಯಲ್ಲ, ಸಾಕು. ಲಾರಿ ಯೋಚನೆ ಮಾಡ್ಬೇಡ. ಆ ಜಾಗ ಪಕ್ಕದ್ಮನೆ ಡೋರಾ ಮಗನಿಗೆ ಕೊಟ್ಬಿಟ್ಟೆ. ಈಗ್ತಾನೆ ಬಂದು ಕೀಲಿ ಇಸ್ಕೊಂಡು ಹೋದ.”

“ಮಾವ, ಕೊಡಬೇಡ. ಅದು ನಂಗೆ ಬೇಕು.”

“ನಿನ್ನ ದೊಡ್ಡ ಮನಸು ಕಣೋ,” ಎಂದು ಮಾವ ಫೋನಿಟ್ಟ.

ಕಕ್ಕಸುಗುಂಡಿಯೂ ಕೈತಪ್ಪಿತು. ಕಾಂಟ್ರಾಕ್ಟೂ ಇಲ್ಲ, ಗುಂಡಿಯೂ ಇಲ್ಲ, ಹಾಸಿಗೆಯ ಮೇಲೆ ಹುಟ್ಟಿಯೇ ಇರದ ಒಬ್ಬ ಎಲೆಕೋಸು ತಿನ್ನುವವನ ಹೊದಿಕೆ. ಇನ್ನು ಟ್ವೀಡ್‌ನ ಕಾಲು ಹಿಡಿಯುವುದೊಂದೇ ಬಾಕಿ. ಚೀಲ ಹೊತ್ತು ರಿಂಕಿಗೆ ಓಡಿದೆ. ದಾರಿಯಲ್ಲಿ ಸಿಕ್ಕವರೆಲ್ಲ ಟೋಪಿ ತೆಗೆದರು. ಒಬ್ಬ ಮುದುಕ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

ಟಿಕೆಟ್ ಕಿಟಕಿಯ ಮರ್ಲೀನ್ ನನ್ನನ್ನು ಕಂಡವಳೇ ಒಳಗೆಳೆದು ಬಾಗಿಲು ಹಾಕಿದಳು. ಟ್ವೀಡ್‌ನ ಫೋನು ಕೇಳಿಸಿಕೊಳ್ಳುವುದು ಅವಳ ಕೆಲಸದ ಭಾಗವಲ್ಲ, ಅವಳ ಧರ್ಮ.

“ಎಲ್ಲಿ ಹಾಳಾಗ್ಹೋಗಿದ್ದೆ? ಮಧ್ಯಾಹ್ನದಿಂದ ಇಲ್ಲಿ ನಿನ್ನ ಹರಾಜು ನಡೆದಿದೆ.”

ಅವಳು ಹೇಳಿದ್ದು ಹೀಗೆ. ರೇಡಿಯೋ ಕೇಳಿ, ಊರಿನವರಿಂದ ಹೆಸರು ತಿಳಿದುಕೊಂಡು ಮೊದಲು ಫೋನು ಮಾಡಿದವನು ಮೂಸ್ ರಿಜ್ ತಂಡದ ಮ್ಯಾನೇಜರು. “ಲಾಸ್ಕಿಯನ್ನ ಯಾರಿಗೆ ಕೊಟ್ರಿ? ನಮ್ಮನ್ನ ಯಾಕೆ ಕೇಳ್ಲಿಲ್ಲ?” ಎಂದು ಜಗಳ. ಲಾಸ್ಕಿ ಅಂದರೆ ನಾನು. ಟ್ವೀಡ್‌ಗೆ ತಲೆಬುಡ ತಿಳಿಯಲಿಲ್ಲ. ಆದರೆ ತನಗೆ ತಿಳಿಯಲಿಲ್ಲವೆಂದು ಒಪ್ಪಿಕೊಳ್ಳುವ ಜಾತಿ ಅವನದಲ್ಲ. “ಇನ್ನೂ ಕೈ ದಾಟಿಲ್ಲ,” ಎಂದ. ಮೂಸ್ ರಿಜ್‌ನವನು ಡ್ರಾಫ್ಟಿನಲ್ಲಿ ತಮ್ಮ ಎರಡನೇ ಸುತ್ತಿನ ಆಯ್ಕೆಯ ಹಕ್ಕನ್ನು ಕೊಡುತ್ತೇನೆಂದ. ಅಷ್ಟು ಕೊಡುತ್ತಾನೆಂದರೆ ಇನ್ಯಾರೋ ಹೆಚ್ಚು ಕೊಡುತ್ತಿದ್ದಾರೆ ಎಂದು ಲೆಕ್ಕ ಹಾಕಿದ ಟ್ವೀಡ್ ಮೊದಲ ಸುತ್ತಿನದೇ ಬೇಕೆಂದ. ಟ್ವೀಡ್ ಮೊದಲ ಸುತ್ತು ಕೇಳಿದನಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಇನ್ನೆರಡು ತಂಡದವರು ಫೋನು ಮಾಡಿದರು. ಒಬ್ಬ ತನ್ನ ಗೋಲ್‌ಕೀಪರನ್ನೇ ಕೊಡುತ್ತೇನೆಂದ. ನನ್ನಲ್ಲಿ ಎಲ್ಲರಿಗೂ ಕಂಡದ್ದು ತನಗೆ ಯಾಕೆ ಕಾಣಲಿಲ್ಲವೆಂದು ಟ್ವೀಡ್ ನನ್ನ ಹಳೆಯ ಪಂದ್ಯಗಳ ವಿಡಿಯೋ ಹಾಕಿಸಿ ನೋಡಿದನಂತೆ. ಆಗಲೂ ಕಾಣಲಿಲ್ಲವಂತೆ. ನನಗೇ ಫೋನು ಮಾಡಿದ. ಅದು ಡ್ರೆಸ್ಸಿಂಗ್ ರೂಮಿನ ಕಪಾಟಿನ ಮೇಲೆ ಬಡಿದುಕೊಂಡು ಸುಮ್ಮನಾಯಿತು.

“ನೀನು ಎತ್ತದೇ ಇದ್ದಿದ್ದು ನೋಡಿ, ನಿಂಗೆ ಯಾರೋ ಭಾರೀ ಏಜೆಂಟ್ ಸಿಕ್ಕಿದ್ದಾನೆ ಅಂತ ತೀರ್ಮಾನ ಮಾಡಿದ,” ಎಂದಳು ಮರ್ಲೀನ್. “ಇನ್ನೂ ಹೆಚ್ಚು ಬರಲಿ ಅಂತ ಕಾಯ್ತಾ ಕೂತ. ಕಾಯ್ತಾ ಕಾಯ್ತಾ ಮೂರು ಹೊಡೀತು. ಗಡುವು ಮುಗೀತು.”

“ಹಾಗಾದ್ರೆ ನನ್ನನ್ನ ಕೊಟ್ಟಿಲ್ಲ.”

“ಕೊಟ್ಟಿಲ್ಲ. ಅಷ್ಟೇ ಆಗಿದ್ರೆ ಸರಿ. ಮಾರ್ಚಿಗೆ ನಿನ್ನ ಕಾಂಟ್ರಾಕ್ಟ್ ಮುಗಿಯುತ್ತೆ, ಆಮೇಲೆ ನೀನು ಯಾರ ಹತ್ರ ಬೇಕಾದ್ರೂ ಹೋಗಬಹುದು, ಇವನಿಗೆ ಬಿಡಿಗಾಸೂ ಸಿಗಲ್ಲ. ಗೋಲ್‌ಕೀಪರ್ ಬೇಡ ಅಂದು, ಮೊದಲ ಸುತ್ತು ಬೇಕು ಅಂದು, ಕೊನೆಗೆ ಬರಿಗೈ ಅಂತ ಊರಿಗೆ ಗೊತ್ತಾದ್ರೆ ಇವನ ಕೆಲಸವೇ ಹೋಗುತ್ತೆ. ಪೆನ್ನು ಹಿಡ್ಕೊಂಡು ಹೊರಗೆ ಓಡಾಡ್ತಿದ್ದಾನೆ ನೋಡು.”

ಕೋಣೆಯಿಂದ ಹೊರಬಂದೆ. ರಿಂಕಿನ ಮುಂದಿನ ಹಜಾರದಲ್ಲಿ ಜನ ತುಂಬಿದ್ದರು. ನಡುವೆ ಟ್ವೀಡ್, ಪಕ್ಕದಲ್ಲಿ ಊರಿನ ಮೇಯರು, ಲೈಲ್ ಫೆನ್ಸ್‌ಕಿ, ಕ್ಲಿಫ್. ಸಾವ್ಚುಕ್ ಅಜ್ಜಿ ಪಿರೋಹಿ ಡಬ್ಬಿ ಸಮೇತ ನನಗಿಂತ ಮುಂಚೆ ಹೇಗೆ ತಲುಪಿದಳೋ ದೇವರಿಗೇ ಗೊತ್ತು. ನನ್ನನ್ನು ಕಂಡು ಜನ ಚಪ್ಪಾಳೆ ತಟ್ಟಿದರು. ಈ ಊರಲ್ಲಿ ನಾನು ಮೊದಲ ಸಲ ಕೇಳಿದ ಚಪ್ಪಾಳೆ. ಅದೂ ಎಲ್ಲಿಗೂ ಹೋಗದೆ ಇದ್ದದ್ದಕ್ಕೆ.

ಟ್ವೀಡ್ ನನ್ನ ಹೆಗಲ ಮೇಲೆ ಕೈ ಹಾಕಿದ. “ಈ ಹುಡುಗನ ಬೆಲೆ ಏನು ಅಂತ ನಂಗೆ ಮೊದಲಿಂದ್ಲೂ ಗೊತ್ತಿತ್ತು,” ಎಂದ. “ಯಾರು ಏನೇ ಕೊಡ್ತೀವಿ ಅಂದ್ರೂ ನಾನು ಬಿಟ್ಕೊಡಲಿಲ್ಲ. ನಮ್ಮ ಎಡಪಕ್ಕದ ಆಟಗಾರ, ನಮ್ಮ ಹೆಮ್ಮೆ.”

ನಾನು ಈ ತಂಡಕ್ಕೆ ಸೇರಿದಂದಿನಿಂದ ಆಡಿದ್ದು ಬಲಪಕ್ಕದಲ್ಲಿ.

“ಬಲ,” ಎಂದು ಮರ್ಲೀನ್ ಹಿಂದಿನಿಂದ ಪಿಸುಗುಟ್ಟಿದಳು.

“ಎರಡೂ ಕಡೆ ಆಡ್ತಾನೆ. ಅದೇ ಇವನ ವಿಶೇಷ,” ಎಂದ ಟ್ವೀಡ್, ಕಣ್ಣು ಮಿಟುಕಿಸದೆ. “ಇಲ್ಲೇ, ಎಲ್ಲರ ಮುಂದೆ, ಎರಡು ವರ್ಷದ ಕಾಂಟ್ರಾಕ್ಟ್.”

“ಎರಡು ಕಮ್ಮಿ ಆಯ್ತು,” ಎಂದ ಕ್ಲಿಫ್.

“ಕಮ್ಮಿ ಹೇಗೆ? ಇವನು ಹೋದ ತಿಂಗಳು ಹೊಡೆದ ಗೋಲು ಎಷ್ಟು?” ಎಂದ ಲೈಲ್.

“ಹೊಡೆದಿಲ್ಲ. ಹೊಡೆಯೋಕೆ ಪಕ್ ಕೊಟ್ರೆ ತಾನೆ?” ಎಂದ ಕ್ಲಿಫ್.

“ಮೊದಲ ಸುತ್ತಿನ ಆಯ್ಕೆ ಬಂದಿದ್ರೆ ಆ ಫಿನ್‌ಲ್ಯಾಂಡ್ ಹುಡುಗ ನಮಗೇ ಸಿಗ್ತಿದ್ದ,” ಎಂದು ಮೇಯರು ಗೊಣಗಿದರು. “ಇವನ ಮಂಡಿ ಹೇಗಿದೆ? ಯಾರಾದ್ರೂ ನೋಡಿದ್ರಾ?”

“ಮಂಡಿ ಚೆನ್ನಾಗಿದೆ, ನಾನು ನೋಡಿದೀನಿ,” ಎಂದಳು ಅಜ್ಜಿ. “ಚೆನ್ನಾಗಿ ತಿಂತಾನೆ. ಗೊರಕೆ ಸ್ವಲ್ಪ.”

ಪಕ್ಕದ ಊರಿನ ದನದ ಹರಾಜಿನಲ್ಲೂ ಹೋರಿಯನ್ನು ಒಂದು ಸುತ್ತು ನಡೆಸಿ ನೋಡುತ್ತಾರೆ. ಇವರು ನನ್ನ ಕಡೆ ತಿರುಗಿಯೂ ನೋಡದೆ ನನ್ನ ತಲೆಯ ಮೇಲಿಂದ ಮಾತಾಡಿಕೊಂಡರು. ಬೆಳಗಿನಿಂದ ಈ ಊರು ನನ್ನನ್ನು ಬೇಡವೆಂದಿತು, ಕಳಿಸಿಕೊಟ್ಟಿತು, ಅತ್ತಿತು, ನನ್ನ ಹಾಸಿಗೆ ಬದಲಿಸಿತು, ನನ್ನ ಲಾರಿಯನ್ನು ದಾನ ಮಾಡಿತು, ಈಗ ತಾನೇ ಉಳಿಸಿಕೊಂಡೆನೆಂದು ಬೀಗುತ್ತಿತ್ತು. ಇಷ್ಟರಲ್ಲಿ ಒಬ್ಬನೂ ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಕೇಳಿದವರೂ ಉತ್ತರ ಬರುವ ಮೊದಲು ಕಿವಿ ಮುಚ್ಚಿಕೊಂಡಿದ್ದರು.

“ಏನಂತೀಯ ವೇಡ್?” ಎಂದ ಟ್ವೀಡ್, ಪೆನ್ನಿನ ಮುಚ್ಚಳ ತೆಗೆಯುತ್ತ. ನನ್ನ ಹೆಸರು ಅವನಿಗೆ ಗೊತ್ತಿದೆಯೆಂದು ಅಂದೇ ತಿಳಿದದ್ದು.

ಲೈಲ್ ಮೈಕನ್ನು ನನ್ನ ಬಾಯಿಯ ಹತ್ತಿರ ತಂದ. ನನಗೆ ಆ ಎರಡು ವರ್ಷ ಬೇಕಿತ್ತು. ಸ್ವಲ್ಪ ಹೊತ್ತಿನ ಹಿಂದಷ್ಟೇ ಅದಕ್ಕಾಗಿ ಟ್ವೀಡ್‌ನ ಬೂಟು ಒರೆಸಲೂ ತಯಾರಾಗಿ ಓಡಿಬಂದಿದ್ದೆ. ಬಾಯಿ ತೆರೆದೆ. ಮೈಕಿನ ಹಿಂದೆ ಅವರ ಮುಖಗಳನ್ನು ನೋಡಿದೆ. ಪ್ರತಿಯೊಂದು ಮುಖವೂ ನಾನು ಏನು ಹೇಳುತ್ತೇನೆಂದು ನನಗಿಂತ ಮೊದಲೇ ತಿಳಿದುಕೊಂಡು ತಲೆಯಾಡಿಸುತ್ತಿತ್ತು.

ಈ ಒಂದು ಉತ್ತರವಾದರೂ ಅವರು ಊಹಿಸಿದ್ದಾಗಬಾರದು ಎನಿಸಿ ಬಾಯಿ ಮುಚ್ಚಿದೆ. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಬಾಗಿಲ ಕಡೆ ನಡೆದೆ.

“ಏನಾಯ್ತು?” ಎಂದ ಟ್ವೀಡ್.

“ಒಪ್ಪಿಗೆ ಆಗಿಲ್ಲ, ಇನ್ನೇನು,” ಎಂದ ಕ್ಲಿಫ್. “ಭಲೇ ಘಾಟಿ ಹುಡುಗ.”

“ಮೂರು ವರ್ಷ,” ಎಂದು ಟ್ವೀಡ್ ಕೂಗಿದ.

ನಾನು ನಡೆದೆ. ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು.

“ಮೂರು, ಮತ್ತೆ ಅವನಿಗೆ ಬೇಕಾದ ಕಡೆ ಆಡೋದು,” ಎಂದ, ಪೆನ್ನು ಎತ್ತಿ ಹಿಡಿದು.

“ನಾಲ್ಕು ಅನ್ನಯ್ಯ ಬೇಗ,” ಎಂದರು ಮೇಯರು. “ಬಾಗಿಲ ಹತ್ರ ಹೋಗ್ಬಿಟ್ಟ.”

ಗಾಜಿನ ಬಾಗಿಲನ್ನು ಭುಜದಿಂದ ತಳ್ಳಿದೆ. ಚಳಿ ಮುಖಕ್ಕೆ ಹೊಡೆಯಿತು. ಹಿಂದಿನಿಂದ ನಾಲ್ಕು ಎನ್ನುವುದು ಕೇಳಿಸಿತು. ತಿರುಗಲಿಲ್ಲ, ಹಿಮ ತುಳಿಯುತ್ತ ನಡೆದೆ.